ಹತ್ತು ಪಟ್ಟು ಚುರುಕು

ಶಿಗ್ಗಾಂವದ ಹೆದ್ದಾರಿ ಪಕ್ಕ, ಕಾಳಿನ ಅಂಗಡಿಯೊಂದರ ಮಾಳಿಗೆಯ ಮೇಲೆ ಚನ್ನೇಶನ ಪುಟ್ಟ ಕಂಪನಿ. ಬೆಳಗಿನ ಚಹಾ ಮುಗಿಯುವ ಮೊದಲೇ ಅವನು ಹೊಸ ಬ್ಯಾನರನ್ನು ನೆಲದ ಮೇಲೆ ಬಿಚ್ಚಿದ. ‘ಕಣಜ: ಹಗೇವಿಗಿಂತ ಹತ್ತು ಪಟ್ಟು ಚುರುಕು!’

ಗುಲ್ನಾರಳ ಎದೆ ಉಬ್ಬಿತು. ಕಣಜ ಅವರು ಕಟ್ಟಿದ ಡೇಟಾಬೇಸು, ಮಾಹಿತಿ ಕೂಡಿಡುವ ತಂತ್ರಾಂಶ. ದಿನಾ ಸವಣೂರಿನಿಂದ ಬಸ್ಸಿಗೆ ಬಂದು, ಅದರಲ್ಲಿ ಮಾಹಿತಿ ಹುಡುಕಿಕೊಡುವ ಭಾಗವನ್ನು ಬರೆದವಳು ಅವಳೇ. ಹಗೇವು ಅಂಥದ್ದೇ ಇನ್ನೊಂದು, ಹಿರೇಕೆರೂರಿನ ಕರಬಸಪ್ಪನ ತಂಡದ್ದು. ಎರಡೂ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಅದನ್ನು ಗಿರಾಕಿಗಳಲ್ಲಿ ಅಳವಡಿಸಿ ನೋಡಿಕೊಳ್ಳುವ ಕೆಲಸ ಸಿಕ್ಕರಷ್ಟೇ ಕಂಪನಿ ನಡೆಯಬೇಕು. ಹಾನಗಲ್ಲಿನ ಹಾಲು ಸಂಘಗಳ ಒಕ್ಕೂಟ ಹಾಲಿನ ಲೆಕ್ಕ ಇಡಲು ಈಗ ಎರಡರಲ್ಲೊಂದನ್ನು ಆರಿಸಲಿತ್ತು.

“ಹತ್ತು ಪಟ್ಟು ಹೆಂಗ ಬಂತ್ರಿ ಸರ?”

“ನಮ್ಮದರಾಗ ಲೆಕ್ಕಾನ ಡಿಸ್ಕಿಗೆ ಬರದು ಕಾಯಂ ಇಡೂದು ಬಂದ್ ಮಾಡಿ ಓಡಿಸಿದ್ವಿ, ಆ ಹೊತ್ತು ಉಳೀತು. ಅವರದರಾಗ ಚಾಲೂ ಇಟ್ವಿ.”

ಗುಲ್ನಾರಳ ಮುಖ ಇಳಿಯಿತು. “ಹಂಗಾರ ನಡುವ ಕರೆಂಟ್ ಹೋದ್ರ, ಹಾಲು ಹಾಕಿದ ಹೆಣ್ಮಕ್ಕಳ ಲೆಕ್ಕ ಹಾರಿಹೋಗ್ತೈತ್ರಿ.”

“ಅವರೇನು ಸಾಚಾ ಅದಾರೇನು? ಕಣಜದಾಗ ಹುಡುಕಿದ್ದು ಸಿಗೂದಿಲ್ಲ ಅಂತ ಊರ ತುಂಬ ಹೇಳ್ಯಾರ. ನಾವು ಸುಮ್ನ ಕುಂತ್ರ ಬಾಗ್ಲಾ ಹಾಕ್ಬೇಕಾಗ್ತೈತಿ.”

“ಅವರು ಹಂಗಂದಾಗ ನಂಗ ಕಣ್ಣಾಗ ನೀರು ಬಂದಿತ್ರಿ. ನಾ ಮಾಡಿದ ಕೆಲ್ಸದ ಮ್ಯಾಲ ಸುಳ್ಳು ಹೇಳಿದ್ರಲ್ಲಾ ಅಂತ. ಅವರ ತಂಡದಾಗೂ ನನ್ನಂಥಾಕಿ ಒಬ್ಬಾಕಿ ಇರಬೇಕಲ್ರಿ.”

ಚನ್ನೇಶ ಬ್ಯಾನರನ್ನು ಸುತ್ತಿ ಕಾರಿಗೆ ಹಾಕಿದ.

ಹಾನಗಲ್ಲಿನ ಸಭೆಯಲ್ಲಿ ಎರಡೂ ತಂಡಗಳ ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟರು. ಕಣಜವನ್ನು ಓಡಿಸಿ ತೋರಿಸುವ ಕೆಲಸ ಗುಲ್ನಾರಳದು. ಅವಳು ಡಿಸ್ಕಿಗೆ ಬರೆಯುವುದನ್ನು ಚಾಲೂ ಮಾಡಿಯೇ ಶುರುಮಾಡಿದಳು. ಲೆಕ್ಕ ಬರೆದುಕೊಳ್ಳುವುದರಲ್ಲಿ ಹಗೇವು ಮುಂದಾಯಿತು. ಹುಡುಕುವುದರಲ್ಲಿ ಕಣಜ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು; ಹಗೇವು ತಡಕಾಡುತ್ತಲೇ ಇತ್ತು.

ಒಕ್ಕೂಟದ ಅಧ್ಯಕ್ಷೆ ನೀಲಾಂಬಿಕಾ ಚನ್ನೇಶ ಗೋಡೆಗೆ ಕಟ್ಟಿದ್ದ ಬ್ಯಾನರಿನತ್ತ ಕೈ ತೋರಿದಳು. “ಅಲ್ಲಿ ಹತ್ತು ಪಟ್ಟು ಅಂತ ಐತಲ್ಲವಾ?”

ಗುಲ್ನಾರ ಬಾಯಿ ತೆರೆಯುವ ಮೊದಲೇ ಚನ್ನೇಶ ಎದ್ದು ನಿಂತ. ಅವನ ಕಿವಿಗಳು ಕೆಂಪಾಗಿದ್ದವು. “ಅದು ಖರೇ ಅಲ್ರಿ ಅಕ್ಕಾರ. ಹಂಗ ಓಡಿಸಿದ್ರ ನಿಮ್ಮ ಲೆಕ್ಕ ಭದ್ರ ಇರೂದಿಲ್ಲ. ನಮ್ಮ ಹುಡುಗಿ ಈಗ ತೋರಿಸಿದ್ದ ಖರೇ.” ತಾನೇ ಹೋಗಿ ಬ್ಯಾನರು ಇಳಿಸಿದ.

ನೀಲಾಂಬಿಕಾ ಹಗೇವನ್ನೇ ಆರಿಸಿದಳು. ಸಾವಿರಾರು ಹೆಂಗಸರು ಒಮ್ಮೆಗೇ ಹಾಲು ತರುವಾಗ ಬೇಗ ಬರೆದುಕೊಳ್ಳುವುದೇ ಮುಖ್ಯ ಎಂದಳು. ಮರಳುವ ದಾರಿಯಲ್ಲಿ ಗುಲ್ನಾರಳಿಗೆ ಸೋತ ಸಂಕಟವಿತ್ತು, ಆದರೂ ತಲೆ ತಗ್ಗಿಸಬೇಕೆನ್ನಿಸಲಿಲ್ಲ.

ವಾರ ಕಳೆದ ಮೇಲೆ ಕರಬಸಪ್ಪನ ಫೋನು ಬಂತು.

“ತಂಗೀ, ನಿಮ್ಮ ಹುಡುಕೂ ಭಾಗ ನಮ್ಮ ಹಗೇವಿನ್ಯಾಗ ಹಾಕ್ಕೊಳ್ಳಾಕತ್ತೇವಿ. ಕೇಳಬೇಕಂತ ಕಾಯ್ದೆ ಏನಿಲ್ಲ. ಆದ್ರ ಅದರ ಮ್ಯಾಲ ಇಲ್ಲದ್ದು ಮಾತಾಡಿದವ್ರು ನಾವು. ಕೇಳಿ ತಗೋಬೇಕು ಅನಸ್ತು.”

“ತಗೊಳ್ರಿ ಅಣ್ಣಾರ,” ಎಂದಳು ಗುಲ್ನಾರ. “ಬರಿಯೂ ಭಾಗ ನಿಮ್ಮದು ಛಲೋ ಐತಿ. ನಾವೂ ತಗೋತೇವ್ರಿ.”

ಈಗ ಹಾನಗಲ್ಲಿನಲ್ಲಿ ಹೆಂಗಸರು ನಿನ್ನೆ ಹಾಕಿದ ಹಾಲಿನ ಅಳತೆ ಕೇಳಿದರೆ, ಕ್ಯಾನು ಕೆಳಗಿಡುವುದರೊಳಗೆ ಉತ್ತರ ಬರುತ್ತದೆ. ಮಾಳಿಗೆಗೆ ಬರುವ ಗಿರಾಕಿಗಳಿಗೆಲ್ಲ ಚನ್ನೇಶ ತಪ್ಪದೆ ಹೇಳುತ್ತಾನೆ: “ಹಾನಗಲ್ಲಿನ್ಯಾಗ ಓಡೂದು ಹಿರೇಕೆರೂರವ್ರದು. ಅದರಾಗ ಹುಡುಕಿ ಕೊಡಾಕಿ ಮಾತ್ರ ನಮ್ಮ ಸವಣೂರಿನಾಕಿ!”