ಪದ್ಮಶ್ರೀ ಮೇಡಂಗೆ ಬಂದ ಪದ್ಮಶ್ರೀ

ದೇವನಹಳ್ಳಿಯ ವಿಶ್ವವಿದ್ಯಾಲಯ ಕಾಲೇಜಿಗೆ ಪದ್ಮಶ್ರೀ ಪ್ರಾಂಶುಪಾಲರಾಗಿ ಬಂದಾಗ ವಿಮಾನ ನಿಲ್ದಾಣವನ್ನು ಇನ್ನೂ ಕಟ್ಟುತ್ತಿದ್ದರು. ಆಮೇಲೆ ತಲೆಯ ಮೇಲೆ ವಿಮಾನ ಹಾರಿದಾಗಲೆಲ್ಲ ಅವರು ಪಾಠ ನಿಲ್ಲಿಸೋರು. ಸದ್ದು ಇಳಿಯುವಷ್ಟರಲ್ಲಿ ಮನಸ್ಸಿನಲ್ಲೇ ಎರಡು ಸಾಲು ಕಟ್ಟೋರು. ಹಾಗೆ ಕಟ್ಟಿದ ಕವಿತೆಗಳದೊಂದು ಪುಸ್ತಕ ಈ ಜನವರಿಯಲ್ಲಿ ಬಂತು.

ಸಂತೋಷ ತಡೆಯಲಾರದೆ ಕಾಮರ್ಸ್ ಮೇಷ್ಟ್ರು ರಿಜ್ವಾನ್ ಒಂದು ಫ್ಲೆಕ್ಸ್ ಮಾಡಿಸಿದ. ಅವನು ಇದೇ ಕಾಲೇಜಲ್ಲಿ ಮೇಡಂ ಕೈಕೆಳಗೆ ಓದಿದವನು. "ನಮ್ಮ ಹೆಮ್ಮೆಯ ಕವಯಿತ್ರಿ ಪದ್ಮಶ್ರೀ ಅವರಿಗೆ ಅಭಿನಂದನೆಗಳು" ಅಂತ ಬರೆಸಿದ. ಮುದ್ರಿಸುವವನು ಗಣರಾಜ್ಯೋತ್ಸವ ಬಂತಲ್ಲ ಅಂತ ಪಕ್ಕದಲ್ಲಿ ಚೆಂದಕ್ಕೊಂದು ಪದಕದ ಚಿತ್ರವನ್ನೂ ಸೇರಿಸಿಬಿಟ್ಟ. ಫ್ಲೆಕ್ಸು ಬಸ್ ಸ್ಟ್ಯಾಂಡ್ ಮುಂದೆ ಎದ್ದು ನಿಂತ ಸಂಜೆಯೇ ಟೀವಿಯಲ್ಲಿ ದೆಹಲಿಯ ಪದ್ಮ ಪ್ರಶಸ್ತಿಗಳ ಸುದ್ದಿ ಬಂತು. ಸಾಕಲ್ಲ!

ಮಾರನೇ ಬೆಳಿಗ್ಗೆ ಕಾಲೇಜಿನಲ್ಲಿ ಧ್ವಜ ಹಾರಿಸಿ ಮುಗಿಸುವಷ್ಟರಲ್ಲಿ ಪದ್ಮಶ್ರೀಯವರ ಫೋನು ಬಿಸಿಯಾಗಿತ್ತು. ಅವರು "ಇಲ್ಲಪ್ಪಾ, ಅದು ನನ್ನ ಹೆಸರು" ಅಂದರೆ ಆ ಕಡೆಯವರು "ಹೌದು ಮೇಡಂ, ನಿಮ್ಮ ಹೆಸರೇ ಬಂದಿರೋದು" ಅನ್ನೋರು.

ಅಷ್ಟರಲ್ಲಿ ಗೇಟಿನ ಹತ್ತಿರ ತಮಟೆ ಸದ್ದು. ಕುಂದಾಣದಿಂದ ಚಿಕ್ಕಪ್ಪ ಅಪ್ಪಯ್ಯಣ್ಣ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದಿದ್ದರು. ಟ್ರೈಲರ್‌ನಲ್ಲಿ ಅರ್ಧ ಊರೇ ನಿಂತಿತ್ತು. ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು, ಪದ್ಮಶ್ರೀಯವರ ತಾಯಿ ಮುನಿಲಕ್ಷ್ಮಮ್ಮ ಕೂತಿದ್ದರು.

"ಚಿಕ್ಕಪ್ಪ, ನಂಗೆ ಪ್ರಶಸ್ತಿ ಬಂದಿಲ್ಲ" ಅಂದರು ಪದ್ಮಶ್ರೀ ಓಡಿಬಂದು.

"ನೀನು ಚಿಕ್ಕೋಳಿದ್ದಾಗ್ಲಿಂದ ಹಿಂಗೇ, ಬರೀ ನಾಚ್ಕೆ" ಅಂತ ಅಪ್ಪಯ್ಯಣ್ಣ ಆಳುದ್ದದ ಸೇವಂತಿಗೆ ಹಾರ ಹಾಕೇಬಿಟ್ಟರು. ಹಾರ ಮೂಗಿನವರೆಗೂ ಮುಚ್ಚಿತು. ಹುಡುಗರು ಶಿಳ್ಳೆ ಹೊಡೆದರು. ರಿಜ್ವಾನ್ ಮುಖ ಸಣ್ಣದು ಮಾಡಿಕೊಂಡು ಧ್ವಜಸ್ತಂಭದ ಹಿಂದೆ ನಿಂತಿದ್ದ.

ಇನ್ನು ತಡೆದರೆ ಅನಾಹುತವೆಂದು ಪದ್ಮಶ್ರೀ ಮೈಕ್ ಹಿಡಿದು, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದರು: "ದಯವಿಟ್ಟು ಕೇಳಿ! ನಾನು ಪದ್ಮಶ್ರೀ ಅಲ್ಲ!"

ತಮಟೆ ನಿಂತಿತು. ಮುನಿಲಕ್ಷ್ಮಮ್ಮ ಕುರ್ಚಿಯಿಂದ ಅರ್ಧ ಎದ್ದರು. "ಏನೇ ಹಂಗಂದ್ರೆ? ಮತ್ತಿನ್ಯಾರೇ ನೀನು?"

ಮೊದಲು ನಕ್ಕವರು ಪದ್ಮಶ್ರೀಯವರೇ. ಸ್ಟಾಫ್ ಮೀಟಿಂಗಿನಲ್ಲಿ ತುಟಿ ಸಡಿಲಿಸದ ಹೆಂಗಸು, ಮೈಕಿನ ಮುಂದೆ ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಆ ನಗು ಲೌಡ್‌ಸ್ಪೀಕರಿನಲ್ಲಿ ಇಡೀ ಬೀದಿಗೆ ಕೇಳಿಸಿತು. ನಡುನಡುವೆ ಉಸಿರು ಸಿಕ್ಕಾಗ ಫ್ಲೆಕ್ಸಿನ ಕತೆ ಹೇಳಿ ಮುಗಿಸಿದರು.

ಗುಂಪು ಸಪ್ಪಗಾಯಿತು. ತಮಟೆಯವನು ತಲೆ ಕೆರೆದುಕೊಂಡ. "ಅಂಗಾದ್ರೆ ಮೆರವಣಿಗೆ ಇಲ್ವಾ ಅಪ್ಪಯ್ಯಣ್ಣ?"

ಅಪ್ಪಯ್ಯಣ್ಣ ಹಾರವನ್ನೊಮ್ಮೆ, ಪದ್ಮಶ್ರೀಯನ್ನೊಮ್ಮೆ ನೋಡಿದರು. "ಪುಸ್ತಕ ಬಂದಿರೋದೂ ಸುಳ್ಳೇನಮ್ಮ?"

"ಅದು ನಿಜ ಚಿಕ್ಕಪ್ಪ."

"ನೀನೇ ಬರ್ದಿದ್ದಾ?"

"ನಾನೇ."

"ಮತ್ತಿನ್ನೇನು, ಹತ್ತು! ಡೀಸೆಲ್ ಹಾಕಿಸ್ಕೊಂಡು ಬಂದಿದ್ದೀನಿ."

ಪ್ರಿನ್ಸಿಪಾಲರು ಸೀರೆ ಎತ್ತಿ ಸಿಕ್ಕಿಸಿಕೊಂಡು ಟ್ರೈಲರ್ ಹತ್ತಿದರು. ಹಿಂದಿನಿಂದ ರಿಜ್ವಾನ್‌ನನ್ನೂ ಎಳೆದು ಹತ್ತಿಸಿದರು. ಕೋಟೆ ಬಾಗಿಲ ಹತ್ತಿರ ಹೋಗುವಾಗ ಹುಡುಗಿಯರು "ಮೇಡಂ, ಒಂದೇ ಒಂದು ಸ್ಟೆಪ್ಪು!" ಅಂತ ಪೀಡಿಸಿದರು. ಪದ್ಮಶ್ರೀ ಹಾರ ಕೈಗೆ ಸುತ್ತಿಕೊಂಡು ತಮಟೆ ಏಟಿಗೆ ಸರಿಯಾಗಿ ನಾಲ್ಕು ಹೆಜ್ಜೆ ಹಾಕಿಯೇಬಿಟ್ಟರು. ಎಳನೀರು ಮಾರುವವನು ಮಚ್ಚು ಕೆಳಗಿಟ್ಟು ಚಪ್ಪಾಳೆ ತಟ್ಟಿದ.

ಸುಸ್ತಾಗಿ ತಾಯಿಯ ಕಾಲ ಬಳಿ ಕೂತಾಗ ಮುನಿಲಕ್ಷ್ಮಮ್ಮ ಬಗ್ಗಿ ಕೇಳಿದರು: "ಪದ್ದು, ನೀನು ಬರೀತೀಯ ಅಂತ ಎಲ್ರೂ ಹೇಳ್ತಾರೆ. ನಂಗೆ ಓದಕ್ ಬರಲ್ಲ, ನೀನೂ ಒಂದಿನಾನೂ ಹೇಳ್ಲಿಲ್ಲ. ಅದೇನ್ ಬರೀತೀಯೇ?"

ಪದ್ಮಶ್ರೀಯವರ ನಗು ನಿಂತಿತು. ಮೊದಲ ಸಲ ಪಾಠಕ್ಕೆ ನಿಂತವರ ಹಾಗೆ ಸೆರಗು ಸರಿಮಾಡಿಕೊಂಡರು. ತಾಯಿಯ ಕಿವಿಗೆ ಬಾಯಿಟ್ಟು ಶುರು ಮಾಡಿದರು:

"ರಾಗಿ ತೆನೆಗೆ ಗಾಳಿ ಬಂತು, ತೂಗಿತು.
ಯಾಕೆ ತೂಗಿತೆಂದು ಕೇಳಬೇಡ ಮಗಳೇ..."

"ಟ್ರ್ಯಾಕ್ಟರ್ ಸದ್ದಲ್ಲಿ ಏನೂ ಕೇಳಿಸ್ತಿಲ್ಲ ಕಣೇ" ಅಂದರು ಮುನಿಲಕ್ಷ್ಮಮ್ಮ. "ಎದ್ದು ನಿಂತ್ಕೊಂಡು ಜೋರಾಗಿ ಹೇಳು!"

ಪದ್ಮಶ್ರೀ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಬಜಾರಿನ ನಟ್ಟನಡುವೆ, ಗಂಟಲು ಬಿಚ್ಚಿ, ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದರು.