ಓಡುವ ಮಗ್ಗದಲ್ಲಿ ಕೊಕ್ಕರೆ

"ಇದು ಕೊಕ್ಕರೆ ಅಲ್ಲ ಕಣಯ್ಯ, ಹಂಸ," ಎಂದ ಹೊನ್ನಯ್ಯ, ಮಗ್ಗದಲ್ಲಿದ್ದ ರೇಷ್ಮೆ ಸೀರೆಯ ಅಂಚಿಗೆ ಬಗ್ಗಿ.

ಮದ್ದೂರಿನ ಆ ಷೆಡ್ಡಿನಲ್ಲಿ ಕರೆಂಟು ಮಗ್ಗ ದಡದಡನೆ ಓಡುತ್ತಿತ್ತು. ನೇಕಾರ ಅಂಕಯ್ಯ ಆರ್ಡರಿನ ಚೀಟಿ ತೆಗೆದು ತೋರಿಸಿದ. ಅದರಲ್ಲಿ ಬರೀ 'ಹಕ್ಕಿ ಅಂಚು' ಎಂದಿತ್ತು. ಹೊನ್ನಯ್ಯ ಕೊಕ್ಕರೆ ಬೆಳ್ಳೂರಿನ ರೈತ. ಮಗಳ ಮದುವೆ ಮರುದಿನ ಬೆಳಿಗ್ಗೆ ಮೈಸೂರಿನಲ್ಲಿ. ಸಂಜೆ ಐದರ ರೈಲಿಗೆ ಸೀರೆ ಹಿಡಿದು ಹೊರಡಬೇಕು. ವರ್ಷವರ್ಷ ಊರಿಗೆ ಬರುವ ಕೊಕ್ಕರೆಗಳನ್ನು ಅವನ ಮನೆಯವರು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ನೋಡುತ್ತಿದ್ದರು.

"ನನ್ ಮಗ್ಳು ಕೇಳಿದ್ದು ಕೊಕ್ಕರೆ ಅಂಚೊಂದೇಯ," ಎಂದ. "ಒಡವೆ ಸೈತ ಕೇಳ್ನಿಲ್ಲ."

ಈಗ ಬದಲಿಸಲು ಆಗುವುದಿಲ್ಲವೆಂದ ಅಂಕಯ್ಯ. ಮಗ್ಗದ ನೆತ್ತಿಯಲ್ಲಿ ಮುನ್ನೂರರವತ್ತು ರಟ್ಟಿನ ಪಟ್ಟಿಗಳ ಸರಪಳಿ ಸುತ್ತುತ್ತಿತ್ತು. ಪಟ್ಟಿಯಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಮೂರು ನಿಮಿಷಕ್ಕೆ ಒಂದು ಸುತ್ತು, ಒಂದು ಹಂಸ. ಸರಪಳಿ ಇಳಿಸಿ ಹೊಸದಾಗಿ ಹೊಲಿಯಲು ಎರಡು ದಿನ ಬೇಕು.

ಆ ಪಟ್ಟಿಗಳಿಗೆ ತೂತು ಹೊಡೆದವಳು ಮೂಲೆಯಲ್ಲಿ ಕೂತಿದ್ದ ಹಾಜಿರಾ ಬೀ. ಗಂಡ ಸತ್ತ ಮೇಲೆ ಆ ಕೆಲಸ ಅವಳದಾಗಿತ್ತು. ಆದರೆ ಮಗ್ಗ ಮುಟ್ಟಲು ಅಂಕಯ್ಯ ಎಂದೂ ಬಿಟ್ಟವನಲ್ಲ. ಅವಳು ಎದ್ದು ಬಂದಳು.

"ಮಗ್ಗ ನಿಲ್ಲುಸ್ಬ್ಯಾಡಿ ಅಂಕಣ್ಣ. ಓಡ್ತಿರೋವಾಗ್ಲೇ ತಿದ್ದುತೀನಿ."

ಪಟ್ಟಿ ಸಿಕ್ಕಿಕೊಂಡರೆ ಸಾವಿರ ಎಳೆ ಹರಿದುಹೋಗುತ್ತದೆ ಎಂದು ಅಂಕಯ್ಯ ಗದರಿದ. ಅಷ್ಟರಲ್ಲಿ ಅವಳು ಉಳಿ, ಸುತ್ತಿಗೆ, ಬಿಸಿ ಅರಗಿನ ಬಟ್ಟಲು ಹಿಡಿದು ಏಣಿ ಹತ್ತಿಯಾಗಿತ್ತು.

ಕೆಲಸ ಮುಗಿಸಿದ ಪಟ್ಟಿಗಳು ಹಿಂದೆ ಮಡಿಕೆ ಮಡಿಕೆಯಾಗಿ ನೇತಾಡುತ್ತ ತಮ್ಮ ಸರದಿಗೆ ಕಾಯುತ್ತಿದ್ದವು. ಕೊಕ್ಕಿನ ಪಟ್ಟಿಯ ನಂಬರು ಅವಳಿಗೆ ಬಾಯಿಪಾಠ. ಪಟ್ಟಿಯ ಹಿಂದೆ ಮರದ ತುಂಡನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಉಳಿಗೆ ಸುತ್ತಿಗೆಯಿಂದ ಹೊಡೆದಳು. ಹೊಸ ತೂತಿನಿಂದ ಉದುರಿದ ರಟ್ಟಿನ ಬಿಲ್ಲೆಯನ್ನೇ ಬೇಡದ ತೂತಿಗೆ ತುರುಕಿ, ಮೇಲೆ ಬಿಸಿ ಅರಗು ತೊಟ್ಟಿಕ್ಕಿದಳು. ಅರಗು ಬೆರಳಿಗೂ ಬಿತ್ತು. ಪಟ್ಟಿ ಕೈಯಿಂದ ಜಾರಿ ಮೇಲೇರಿತು.

ಕೆಳಗೆ ಮೂವತ್ತು ಎಳೆಯಷ್ಟು ಕೊಕ್ಕು ಉದ್ದವಾಯಿತು.

"ಬೆಳೀತು ಕಣವ್ವ!" ಎಂದ ಹೊನ್ನಯ್ಯ.

ಮುಂದಿನ ಸುತ್ತಿನಲ್ಲಿ ಕೊಕ್ಕು ಬಾಗಿತು. ಆಮೇಲೆ ಕತ್ತು ನೀಳವಾಯಿತು. ಅವಳ ಕೈ ಈಗ ಮಗ್ಗದ ಲಯಕ್ಕೇ ಬೀಳುತ್ತಿತ್ತು. ಕಾಲಿನ ಪಟ್ಟಿಗಳಿಗೆ ಬಂದಾಗ ಒಂದು ಪಟ್ಟಿ ತಂತಿಗೆ ತಗುಲಿ ಸರಪಳಿ ಬಿಗಿಯಿತು. ಅಂಕಯ್ಯನ ಕೈ ನಿಲ್ಲಿಸುವ ಹಿಡಿಗೆ ಹೋಯಿತು. ಅವಳು ಏಣಿಯಿಂದ ಮೈಚಾಚಿ, ಎರಡು ಬೆರಳಲ್ಲಿ ಪಟ್ಟಿಯನ್ನು ಮೀಟಿ ಬಿಡಿಸಿದಳು. ಮಗ್ಗ ಉಸಿರು ತಪ್ಪಲಿಲ್ಲ. ಅಂಕಯ್ಯ ಹಿಡಿ ಬಿಟ್ಟು, ಅವಳ ಏಣಿಯ ಬುಡವನ್ನು ಗಟ್ಟಿಯಾಗಿ ಹಿಡಿದು ನಿಂತ.

"ಇನ್ನೆಷ್ಟವೆ?" ಎಂದು ಕೇಳಿದ ಕೆಳಗಿನಿಂದ.

"ಕಾಲು ಎರಡೇ ಅಲ್ವಾ ಅಂಕಣ್ಣ."

ಅವನು ಮೊದಲ ಸಲ ನಕ್ಕ.

ನಾಲ್ಕೂವರೆಗೆ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಷೆಡ್ಡಿನ ಉದ್ದಕ್ಕೂ ಹಲಗೆಗಳ ಮೇಲೆ ಹಾಸಿದರು. ಹಾಜಿರಾ ಬೀ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಗೋಡೆಗೆ ಒರಗಿದಳು.

ಹೊನ್ನಯ್ಯ ಪಂಚೆಗೆ ಕೈ ಒರೆಸಿಕೊಂಡು, ಮೊದಲ ಹಂಸದ ಮೇಲೆ ಬೆರಳಿಟ್ಟು, ಅಂಚು ಹಿಡಿದು ನಿಧಾನವಾಗಿ ನಡೆಯತೊಡಗಿದ. ಮೈಸೂರಿನ ಕಡೆಗೆ ಹೋಗುವ ರೈಲು ದೂರದಲ್ಲಿ ಕೂಗಿತು. ಅಂಕಯ್ಯ ಸೀರೆ ಸುತ್ತಲು ಕಾಗದ ಹಿಡಿದು ಕಾಯುತ್ತಿದ್ದ. ಹೊನ್ನಯ್ಯ ಒಂದು ಹಕ್ಕಿಯ ಬಳಿ ನಿಂತ. ಅದಕ್ಕೆ ಕೊಕ್ಕು ಬಂದಿತ್ತು, ಕಾಲು ಇನ್ನೂ ಬಂದಿರಲಿಲ್ಲ. ರೈಲಿನ ಕೂಗು ಕೇಳಿದರೂ, ಹಂಸ ಕೊಕ್ಕರೆಯಾಗುತ್ತಿದ್ದ ಆ ಜಾಗದಿಂದ ಅವನು ಬೆರಳನ್ನು ತೆಗೆಯಲೇ ಇಲ್ಲ.