ಸೊನ್ನೆ ಬಿಲ್ಲಿನ ಮನೆ

ಬಷೀರ್ ಪ್ಲಗ್ಗನ್ನು ಮತ್ತೊಮ್ಮೆ ಒತ್ತಿ ಹಿಡಿದ. ಫ್ರೀಜರ್ ಪೆಟ್ಟಿಗೆ ಗುರ್ರೆಂದು ನಡುಗಿತು. ಗೋಡೆಯಲ್ಲಿ ಚಟ್ಟನೆ ಕಿಡಿ ಹಾರಿ ಸುಟ್ಟ ವಾಸನೆ ಮನೆ ತುಂಬಿತು. ಗಾಜಿನ ಮುಚ್ಚಳದೊಳಗೆ ದ್ಯಾವಮ್ಮ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಮಲಗಿದ್ದಳು.

“ಆಗೂದಿಲ್ಲ ಸುನೀಲ,” ಬಷೀರ್ ಎದ್ದು ನಿಂತ. ಯಲ್ಲಾಪುರದಿಂದ ಪೆಟ್ಟಿಗೆಯನ್ನು ಬಾಡಿಗೆಗೆ ತಂದವನು ಅವನೇ. “ಫ್ಯೂಸಿಗೆ ದಪ್ಪ ತಂತಿ ಹಾಕ್ದೆ, ಈಗ ಗೋಡೆ ಒಳಗಿನ ವೈರೇ ಸುಟ್ಟೋಯ್ತು. ಒಂದು ಬಲ್ಬಿಗೆ ಅಂತ ಯಾವ ಕಾಲದಲ್ಲಿ ಎಳ್ದಿದ್ದೋ. ಬದಲಾಯ್ಸೂದಲ್ವಾ ಮಾರಾಯ?”

“ಅವ್ವ ಬಿಟ್ಟಿದ್ರೆ ತಾನೆ?” ಎಂದ ಸುನೀಲ. ದ್ಯಾವಮ್ಮನ ಮಗ, ಹೆದ್ದಾರಿಯ ಬದಿಯ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ.

ದ್ಯಾವಮ್ಮ ತೀರಿಕೊಂಡದ್ದು ಹಿಂದಿನ ದಿನ ಮಧ್ಯಾಹ್ನ. ರಾತ್ರಿಯನ್ನು ಹೇಗೋ ಐಸ್ ಗಡ್ಡೆ ಇಟ್ಟು ಕಳೆದಿದ್ದರು, ಬೆಳಗಾಗುವಾಗ ಅದು ನೀರಾಗಿ ಅಂಗಳಕ್ಕೆ ಹರಿದಿತ್ತು. ಇಡಗುಂದಿಯ ಏಪ್ರಿಲ್ ಬಿಸಿಲು ಯಾರ ಹೆಣಕ್ಕೂ ರಿಯಾಯಿತಿ ಕೊಡುವುದಿಲ್ಲ. ಹೆಂಗಸರು ಕಣ್ಣೊರೆಸುವ ನೆಪದಲ್ಲಿ ಸೆರಗನ್ನು ಮೂಗಿಗೆ ಹಿಡಿಯತೊಡಗಿದ್ದರು. ಮಗಳು ದಿವ್ಯಾ ಸೂರತ್ತಿನಿಂದ ಹೊರಟ ರೈಲು ಇನ್ನೂ ಹುಬ್ಬಳ್ಳಿ ಮುಟ್ಟಿರಲಿಲ್ಲ. ಲೈನ್‌ಮನ್ ಬೇರೆ ಕಡೆ ಕಂಬ ಬಿದ್ದಿದೆಯೆಂದು ಹೋಗಿದ್ದ, ಸಂಜೆಯ ಮೊದಲು ಬರುವ ಹಾಗಿರಲಿಲ್ಲ.

“ತಂಗಿ ಬರೂ ತನಕ ಹೆಂಗಾದ್ರೂ ಇಡ್ಬೇಕು ಬಷೀರಣ್ಣ,” ಎಂದ ಸುನೀಲ. “ಮುಖ ತೋರ್ಸದೆ ಸುಟ್ಟರೆ ಅವಳು ಬದ್ಕೂದಿಲ್ಲ.”

*

ಸುನೀಲ ಮತ್ತು ದಿವ್ಯಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಬಿಲ್ಲು ಕಟ್ಟದೆ ಈ ಮನೆಯ ಲೈನು ಕತ್ತರಿಸಿದ್ದರು. ಕಂಬ ಹತ್ತಿದವನು ವೈರು ಸುತ್ತಿಕೊಂಡು ಇಳಿಯುವುದನ್ನು ಕೇರಿಯೆಲ್ಲ ನಿಂತು ನೋಡಿತ್ತು. ಅಂದಿನಿಂದ ದ್ಯಾವಮ್ಮನಿಗೆ ಕರೆಂಟೆಂದರೆ ಹಾವಿನಷ್ಟು ಭಯ. ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗುವಾಗ ಫ್ಯೂಸನ್ನೇ ಕಿತ್ತು ಎಲೆಯಡಿಕೆ ಸಂಚಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಉಳಿದವರು ಬೇಕಾದರೆ ಬಾಗಿಲ ಬೆಳಕಿನಲ್ಲಿ ಕೂರಬೇಕು.

ಸರ್ಕಾರ ಕರೆಂಟು ಪುಕ್ಕಟೆ ಮಾಡಿದಾಗ ಅವಳ ಕೈಗೂ ಸೊನ್ನೆ ಬಿಲ್ಲು ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಹಿಂದೆ ಉರಿಸಿದ್ದರ ಲೆಕ್ಕ ನೋಡಿ, ಅದಕ್ಕಿಂತ ತುಸು ಹೆಚ್ಚಿನಷ್ಟು ಮಾತ್ರ ಪುಕ್ಕಟೆ ಎಂದು ಯಾರೋ ತಿಳಿಸಿದರು. ಹೊಟ್ಟೆ ಕಟ್ಟಿ ಉಳಿಸಿದವಳ ಪಾಲಿಗೆ ಹಾಗಾಗಿ ಎಲ್ಲರಿಗಿಂತ ಕಡಿಮೆ ಬಂದಿತ್ತು. ಅದು ಅವಳಿಗೆ ಅನ್ಯಾಯವೆನ್ನಿಸಲಿಲ್ಲ. ಬೇರೆಯೇ ಒಂದು ಹೆದರಿಕೆ ಹೊಕ್ಕಿತು. ರೇಶನ್ ಕಾರ್ಡಿನಿಂದ ಒಮ್ಮೆ ಬಿಟ್ಟುಹೋದ ಹೆಸರು ಮತ್ತೆ ಸೇರಿದ್ದನ್ನು ಅವಳು ಕಂಡವಳಲ್ಲ. ಕರೆಂಟಿಗೂ ಅದೇ ಕಾನೂನು ಎಂದುಕೊಂಡಳು: ಒಂದು ತಿಂಗಳು ಗೆರೆ ದಾಟಿದರೆ ಸೊನ್ನೆ ಹೋಯಿತು, ಇನ್ನು ಜನ್ಮದಲ್ಲಿ ಬರುವುದಿಲ್ಲ. ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಕೇರಿಯ ಮನೆಮನೆಗೆ ಹೋಗಿ ಹೇಳಿದಳು.

*

ಪಕ್ಕದ ಮನೆಯ ಗೌರಕ್ಕ ಬೆಳಗಿನಿಂದ ಎಲ್ಲರಿಗಿಂತ ಹೆಚ್ಚು ಅತ್ತವಳು. ಸುನೀಲ ಅವಳ ಮುಂದೆಯೇ ಹೋಗಿ ನಿಂತ.

“ನಿಮ್ಮನಿಯಿಂದ ಒಂದು ವೈರ್ ಎಳ್ಕಳ್ತೆ ಗೌರಕ್ಕ. ದಿವ್ಯಾ ಬರೂ ತನಕ ಅಷ್ಟೇ.”

ಗೌರಕ್ಕನ ಅಳು ನಿಂತಿತು. “ತಮಾ, ಜೀವ ಕೇಳು, ಕೊಡ್ತೆ. ಆ ಪೆಟ್ಗಿ ಎಷ್ಟು ಕರೆಂಟ್ ತಿಂತದೋ ಏನೋ. ನಮ್ಮ ಸೊನ್ನೆ ಹೋದ್ರೆ?”

“ಹೆಚ್ಗೆ ಬಂದದ್ದು ನಾ ಕಟ್ತೆ.”

“ದುಡ್ಡಿನ ಮಾತಲ್ಲ ಮಾರಾಯ. ಒಂದ್ಸಲ ಹೋದ್ರೆ ತಿರುಗಿ ಬರೂದಿಲ್ಲ ಅಂತ ನಿನ್ನ ಅವ್ವನೇ ಹೇಳಿದ್ದಲ್ವಾ?”

“ಹಂಗೇನಿಲ್ರಿ,” ಬಷೀರ್ ಹಿಂದಿನಿಂದ ಹೇಳಿದ. “ಹೆಚ್ಚಾದಷ್ಟಕ್ಕೆ ಅಷ್ಟೇ ದುಡ್ಡು. ನಮ್ಗೆ ಹೋದ ತಿಂಗ್ಳು ಬಿಲ್ಲು ಬಂದಿತ್ತು, ಈ ತಿಂಗ್ಳು ಮತ್ತೆ ಸೊನ್ನೆ.”

“ಪ್ಯಾಟೆಯವ್ರಿಗೆ ಹಂಗಿರ್ಬಹುದು,” ಎಂದು ಗೌರಕ್ಕ ತಲೆ ತಗ್ಗಿಸಿದಳು.

ಮುಂದಿನ ಮನೆಯಲ್ಲಿ ಗಂಡ ಇಲ್ಲ ಎಂದರು. ಅದರಾಚೆಯ ಮನೆಯವನು ಬೆನ್ನ ಹಿಂದೆ ಫ್ಯಾನ್ ತಿರುಗುತ್ತಿದ್ದರೂ ಕರೆಂಟೇ ಇಲ್ಲ ಎಂದ. ಇವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ; ಹೆಣ ಹೊರಲು ಹೆಗಲು ಕೊಡುವವರು ಇವರೇ, ಸೊನ್ನೆಯನ್ನು ಮಾತ್ರ ಕೊಡಲಾರರು. ಸುನೀಲನಿಗೆ ಸಿಟ್ಟು ಬಂದದ್ದು ಪೆಟ್ಟಿಗೆಯಲ್ಲಿ ಮಲಗಿದ್ದವಳ ಮೇಲೆ. ಬಯ್ಯಲು ಬಾಯಿ ತೆರೆದ. ಬಂದದ್ದು ಅಳು.

*

ಎರಡು ಬೇಸಿಗೆಯ ಹಿಂದೆ ದಿವ್ಯಾ ಬಾಣಂತನಕ್ಕೆ ಈ ಮನೆಗೆ ಬಂದಿದ್ದಳು. ಹೆಣ್ಣು ಮಗು, ಭೂಮಿಕಾ. ಗಂಡ ಸೂರತ್ತಿನಿಂದ ದುಡ್ಡು ಕಳಿಸಿ ಒಂದು ಫ್ಯಾನ್ ಕೊಡಿಸಿದ್ದ. ದಿವ್ಯಾ ಕಣ್ಣು ಮುಚ್ಚಿದೊಡನೆ ದ್ಯಾವಮ್ಮ ಬಂದು ಅದನ್ನು ಆರಿಸುತ್ತಿದ್ದಳು. ಮಗುವಿನ ಮೈಯೆಲ್ಲ ಬೆವರುಸಾಲೆ ಎದ್ದು ಕುತ್ತಿಗೆಯ ಮಡಿಕೆ ಕೀವು ಕಟ್ಟಿತು. ದ್ಯಾವಮ್ಮ ಮಗ್ಗುಲಲ್ಲಿ ಕುಳಿತು ಕೈ ಸೋಲುವ ತನಕ ಮೊರದಿಂದ ಗಾಳಿ ಹಾಕಿದಳು, ಫ್ಯಾನ್ ಮಾತ್ರ ಹಾಕಲಿಲ್ಲ. ಪ್ರೀತಿ ಇರಲಿಲ್ಲ ಎನ್ನಲು ಬಾರದು. ಭಯ ಅದಕ್ಕಿಂತ ದೊಡ್ಡದಾಗಿತ್ತು.

ಮಗುವಿಗೆ ಜ್ವರ ಬಂದ ದಿನ ದಿವ್ಯಾ ಚೀಲ ಕಟ್ಟಿದಳು.

“ಬಿಸ್ಲಲ್ಲಿ ಎಳೆ ಕೂಸು ತಗಂಡು ಎಲ್ಲಿ ಹೋಗ್ತೆ? ಫ್ಯಾನ್ ಹಾಕಿ ಬಿಲ್ಲು ಬಂದ್ರೆ ಯಾರು ಕಟ್ಟೂದು, ಅದಕ್ಕೆ ಬ್ಯಾಡ ಹೇಳ್ತೆ,” ಎಂದಳು ದ್ಯಾವಮ್ಮ.

“ನಿನ್ನ ಸೊನ್ನೆ ತಬ್ಬಿಕೊಂಡು ಮಲಗು. ನೀ ಸತ್ರೂ ನಾ ಈ ಕಡೆ ಬರೂದಿಲ್ಲ.”

ಆಮೇಲೆ ದ್ಯಾವಮ್ಮ ಮಾಡಿದ ಒಂದು ಫೋನನ್ನೂ ದಿವ್ಯಾ ಎತ್ತಲಿಲ್ಲ.

*

“ಇನ್ನು ಇಡೂಕಾಗೂದಿಲ್ಲ, ಎತ್ತೂದೇ,” ಎಂದ ದ್ಯಾವಮ್ಮನ ಅಣ್ಣ. ಹೆಸರು ಹುಚ್ಚ, ಅವನ ಮಾತನ್ನು ಮೀರುವವರಿರಲಿಲ್ಲ. ಹೊರಗೆ ಚಟ್ಟ ತಯಾರಾಗಿತ್ತು.

ಅಷ್ಟರಲ್ಲಿ ದಿವ್ಯಾಳ ಫೋನು ಬಂತು. “ಹುಬ್ಬಳ್ಳಿ ಬಿಟ್ಟೆ ಅಣ್ಣಾ, ಈಗ ಬಸ್ಸಲ್ಲಿದ್ದೆ. ಎತ್ತಬ್ಯಾಡ. ನಿನ್ನ ಕಾಲು ಹಿಡಿತೆ, ಎತ್ತಬ್ಯಾಡ.”

ಸುನೀಲ ಬಷೀರನ ಮುಖ ನೋಡಿದ. ಬಷೀರ್ ತುಸು ಹೊತ್ತು ಗಡ್ಡ ಕೆರೆದುಕೊಂಡ.

“ನಮ್ಮನಿಗೆ ಒಯ್ಯೂಣ. ಅಲ್ಲಿ ವೈರಿಂಗ್ ಗಟ್ಟಿ ಉಂಟು. ತಂಗಿ ಹೆಂಗೂ ಯಲ್ಲಾಪುರದಲ್ಲೇ ಇಳೀಬೇಕಲ್ಲ.”

“ಹೊಸ್ಲು ದಾಟಿದ ಹೆಣ ಸೀದಾ ಸುಡಗಾಡಿಗೆ ಹೋಗ್ಬೇಕು,” ಹುಚ್ಚನ ಧ್ವನಿ ಏರಿತು. “ಇನ್ನೊಬ್ಬರ ಬಾಗ್ಲಿಗೆ ಹೋಗೂದು ಎಲ್ಲಾದ್ರೂ ಉಂಟನಾ?”

“ಇಲ್ಲಿ ಎಲ್ಲಾ ಬಾಗ್ಲಿಗೂ ಹೋಗಿ ಬಂದೆ ಮಾವಾ,” ಎಂದ ಸುನೀಲ. “ಇನ್ನೆಲ್ಲಿ ಹೋಗ್ಲಿ, ನೀವೇ ಹೇಳಿ.”

ಪೆಟ್ಟಿಗೆಯನ್ನು ಬಷೀರನ ವ್ಯಾನಿಗೆ ಏರಿಸುವಾಗ ಹುಚ್ಚನೂ ಒಂದು ಮೂಲೆ ಹಿಡಿದ, ಬಯ್ಯುತ್ತಲೇ ಮುಂದಿನ ಸೀಟಿನಲ್ಲಿ ಕುಳಿತ. ಗೌರಕ್ಕ ಬೇಲಿಯ ದಣಪೆಯ ತನಕ ಬಂದು ಅಲ್ಲೇ ನಿಂತಳು.

ಯಲ್ಲಾಪುರದಲ್ಲಿ ಬಷೀರನ ಹೆಂಡತಿ ಅಮೀರುನ್ನಿಸಾ ಜಗಲಿಯ ಚಪ್ಪಲಿಗಳನ್ನು ಸರಿಸಿ ಜಾಗ ಮಾಡಿದ್ದಳು. ಫ್ರಿಜ್ಜಿನ ಪ್ಲಗ್ಗು ಕಿತ್ತು ಅಲ್ಲಿ ಪೆಟ್ಟಿಗೆಯ ಪ್ಲಗ್ಗು ಚುಚ್ಚಿದಳು. “ಹಾಲು ಕೆಟ್ರೆ ಕೆಡ್ಲಿ,” ಎಂದಳು. ಪೆಟ್ಟಿಗೆ ಗುರ್ರೆಂದಿತು, ಈ ಸಲ ನಿಲ್ಲಲಿಲ್ಲ. ಮೆಲ್ಲಗೆ ಗಾಜಿನ ಮೇಲೆ ಬೆವರು ಹನಿಯಿತು.

ದಿವ್ಯಾ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಸೊಂಟದಲ್ಲಿ ಭೂಮಿಕಾ, ಬಸ್ಸಿನ ಕಾವಿಗೆ ಮಗುವಿನ ಮುಖ ಕೆಂಪೇರಿತ್ತು, ಕೂದಲು ಹಣೆಗೆ ಅಂಟಿತ್ತು. ದಿವ್ಯಾ ಗೇಟಿನಿಂದ ಜಗಲಿಗೆ ಹೇಗೆ ಬಂದಳೋ, ಪೆಟ್ಟಿಗೆಯ ಪಕ್ಕ ಕುಸಿದಳು. ಗಾಜಿನ ನೀರನ್ನು ಸೆರಗಿನಿಂದ ಒರೆಸಿದಳು, ಒರೆಸಿದಷ್ಟೂ ಅದು ಮತ್ತೆ ಮಂಜಾಯಿತು.

“ಬರೂದಿಲ್ಲ ಅಂದಿದ್ದೆ ಅವ್ವಾ,” ಎಂದಳು. “ಬಂದೆ ನೋಡು.”

ಹಣೆಯನ್ನು ಪೆಟ್ಟಿಗೆಗೆ ಹೊಡೆದುಕೊಂಡು ಅಳತೊಡಗಿದಳು. ಭೂಮಿಕಾ ಸೊಂಟದಿಂದ ಜಾರಿ ಇಳಿದಿದ್ದಳು. ಯಾರ ಮನೆ, ಒಳಗೆ ಯಾರು, ಒಂದೂ ಗೊತ್ತಿಲ್ಲದ ಮಗು ಮೊದಲು ಒಂದು ಬೆರಳಿನಿಂದ ಗಾಜನ್ನು ಮುಟ್ಟಿತು. ಆಮೇಲೆ ಎರಡೂ ಅಂಗೈ ಇಟ್ಟಿತು. ಆಮೇಲೆ ಕೆಂಪಗಾದ ಕೆನ್ನೆಯನ್ನು ಅಜ್ಜಿಯ ಮುಖದ ನೇರಕ್ಕೆ ಒತ್ತಿ ಕಣ್ಣು ಮುಚ್ಚಿತು.

ಹುಚ್ಚ ಮಗುವನ್ನು ಎಳೆದುಕೊಳ್ಳಲು ಬಗ್ಗಿದ. ದಿವ್ಯಾ ಅವನ ಕೈ ಹಿಡಿದಳು.

“ಇರ್ಲಿ ಮಾವಾ,” ಎಂದಳು. “ತಣ್ಣಗಿರ್ತದೆ ಅದಕ್ಕೆ.”